ಗೋಥಿಕ್ ಅಕ್ಷರ ಹಾಕುವ ಮೊದಲು: ಜೆರ್ಸಿ, ಪೋಸ್ಟರ್, ಬೋರ್ಡಿಗೆ ಒಂದು ಮಾರ್ಗದರ್ಶಿ

"ಆ ಟ್ಯಾಟೂ ಥರದ ಅಕ್ಷರ ಉಂಟಲ್ಲ, ಅದರಲ್ಲೇ ಬೇಕು." ಕಾಸರಗೋಡಿನ ಕಡೆ ಫುಟ್‌ಬಾಲ್ ಟೀಮಿನ ಜೆರ್ಸಿ ಮಾಡಿಸುವ ಹುಡುಗರು ಡಿಟಿಪಿ ಅಂಗಡಿಯಲ್ಲಿ ಕೇಳುವುದು ಹೀಗೆ. ಕೆಲವರು ಅದನ್ನು ಓಲ್ಡ್ ಇಂಗ್ಲಿಷ್ ಅಂತಾರೆ, ಕೆಲವರು ಗೋಥಿಕ್ ಅಂತಾರೆ. ಫಾಂಟ್ ಹುಡುಕುವಾಗ ಬ್ಲ್ಯಾಕ್‌ಲೆಟರ್ ಎಂದು ಹೊಡೆದರೆ ಬೇಗ ಸಿಗುತ್ತದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಸರು, ಹೆವಿ ಮೆಟಲ್ ಬ್ಯಾಂಡುಗಳ ಲೋಗೊ, ಎಲ್ಲ ಅದೇ ಜಾತಿ. ದಪ್ಪ, ಕಪ್ಪು, ಮೂಲೆ ಮೂಲೆಯಲ್ಲಿ ಚೂಪು. ನೋಡಿದ ಕೂಡಲೇ ಗತ್ತು ಕಾಣುತ್ತದೆ. ಓದಲು ಹೊರಟಾಗಲೇ ತಾಪತ್ರಯ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಅಕ್ಷರವನ್ನು ಒಂದು ಕೆಲಸಕ್ಕೆ ಒಂದೇ ಪದದಲ್ಲಿ ಬಳಸಿ. ಆ ಪದ ದೊಡ್ಡದಾಗಿರಲಿ. ಉಳಿದದ್ದೆಲ್ಲ ಸಾದಾ ಅಕ್ಷರದಲ್ಲಿರಲಿ. ಕನ್ನಡದ ಸಾಲಿಗೂ ಇದೇ ಗತ್ತು ಬೇಕಿದ್ದರೆ ಫಾಂಟ್ ಹುಡುಕುತ್ತ ಕೂರಬೇಡಿ, ಚಪ್ಪಟೆ ನಿಬ್ಬಿನ ಪೆನ್ನು ಹಿಡಿದು ಬರೆಯಿರಿ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಯಾವ ಬಗೆ ಬೇಕು?

ಗೋಥಿಕ್ ಅಂದರೆ ಒಂದೇ ಬಗೆ ಅಲ್ಲ. ಮುಖ್ಯವಾಗಿ ನಾಲ್ಕು: ಟೆಕ್ಸ್ಚುರಾ, ರೊಟುಂಡಾ, ಶ್ವಾಬಾಕರ್, ಫ್ರಾಕ್ಟೂರ್. ಕೆಲಸ ಮಾಡುವವರಿಗೆ ಇದರಲ್ಲಿ ಮೂರು ಗೊತ್ತಿದ್ದರೆ ಸಾಕು.

ಟೆಕ್ಸ್ಚುರಾ ನೆಟ್ಟಗೆ ನಿಲ್ಲುವ ಅಕ್ಷರ. ಗುಟೆನ್‌ಬರ್ಗ್ 1455ರ ಸುಮಾರಿಗೆ ಜರ್ಮನಿಯ ಮೈಂಜ್ ನಗರದಲ್ಲಿ ಬೈಬಲ್ ಅಚ್ಚು ಹಾಕಿದ್ದು ಇದರಲ್ಲೇ. ಎಲ್ಲ ಗೆರೆಗಳೂ ಕಡಿದು ನಿಲ್ಲಿಸಿದ ಬೇಲಿಗೂಟಗಳ ಹಾಗೆ ಒಂದೇ ಎತ್ತರ, ಒಂದೇ ದಪ್ಪ, ಒಂದೇ ಅಂತರ. ಕುಂಬಳೆ ಹತ್ತಿರದ ಬೇಳದಲ್ಲಿ ಗೋಥಿಕ್ ಶೈಲಿಯ ಇಗರ್ಜಿ ಇದೆ. ಅಂಥ ಕಟ್ಟಡದ ಚೂಪು ಕಮಾನು, ಮೇಲೆದ್ದ ಗೆರೆಗಳ ಪಕ್ಕ ಈ ಅಕ್ಷರ ಚೆನ್ನಾಗಿ ಹೊಂದುತ್ತದೆ. ಇಗರ್ಜಿಯ ಹಬ್ಬದ ಆಮಂತ್ರಣಕ್ಕೆ, ಕ್ರಿಸ್ಮಸ್ ಕಾರ್ಡಿಗೆ ಇದನ್ನೇ ಆರಿಸಿ.

ಫ್ರಾಕ್ಟೂರ್ 16ನೇ ಶತಮಾನದ್ದು. ಇದರಲ್ಲಿ ದೊಡ್ಡ (ಕ್ಯಾಪಿಟಲ್) ಅಕ್ಷರಗಳಿಗೆ ಬಳುಕು, ಸೊಂಡಿಲು ಜಾಸ್ತಿ. ಜರ್ಮನ್ ಪುಸ್ತಕಗಳು 20ನೇ ಶತಮಾನದ ಶುರುವಿನವರೆಗೂ ಹೆಚ್ಚಾಗಿ ಇದರಲ್ಲೇ ಬರುತ್ತಿದ್ದವು. ನಮ್ಮ ಕಡೆಯವರಿಗೆ ಇದರಲ್ಲೊಂದು ಮೋಜಿನ ಸಂಗತಿ ಇದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹೆರ್ಮನ್ ಮೊಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್, ಇಬ್ಬರೂ ಜರ್ಮನರು. ಊರಲ್ಲಿ ಈ ಚೂಪು ಅಕ್ಷರ ಓದಿ ಬೆಳೆದವರು ಇಲ್ಲಿ ಬಂದು ನಮ್ಮ ಉರುಟು ಅಕ್ಷರವನ್ನು ಅಚ್ಚಿಗೆ ಇಳಿಸಿದರು!

ಮೂರನೆಯದು ರೊಟುಂಡಾ. ಇಟಲಿ, ಸ್ಪೇನ್ ಕಡೆಯದು. ಗೋಥಿಕ್ಕೇ, ಆದರೆ ಹೊಟ್ಟೆ ಉರುಟು. ಕನ್ನಡದ ಜೊತೆ ಹೊಂದುವುದು ಇದು ಮಾತ್ರ. ನೆನಪಿಟ್ಟುಕೊಳ್ಳಿ, ಕನ್ನಡ ಬರೆಯುವಾಗ ಬೇಕಾಗುತ್ತದೆ.

ಫಾಂಟ್ ಎಲ್ಲಿಂದ?

ಗೂಗಲ್ ಫಾಂಟ್ಸ್‌ನಿಂದ. ಅಲ್ಲಿರುವವು ಮುಕ್ತ ಪರವಾನಗಿಯವು, ದುಡ್ಡಿನ ಕೆಲಸಕ್ಕೂ ಬಳಸಬಹುದು. ಬೇರೆ ಕಡೆ 'ಪರ್ಸನಲ್ ಯೂಸ್' ಎಂದು ಬರೆದಿರುವ ಫಾಂಟ್ ಇಳಿಸಿ ಜೆರ್ಸಿ ಮಾಡಿ ಮಾರಿದರೆ ಅದು ಕದ್ದ ಮಾಲೇ, ಸುಮ್ನೆ ತಲೆನೋವು.

ಪೈರೇಟಾ ಒನ್ ಸರಳ, ಓದಲು ಸಲೀಸು. ಹೊಸಬರಿಗೆ ನಾನು ಹೇಳುವುದು ಇದನ್ನೇ. ಗ್ರೆಂಜ್ ಗೋಟಿಶ್‌ನಲ್ಲಿ ತೆಳುವಿನಿಂದ ತುಂಬ ದಪ್ಪದವರೆಗೆ ಬೇಕಾದ ತೂಕ ಸಿಗುತ್ತದೆ. ಅಚ್ಚಿಗೆ ತಕ್ಕಂತೆ ದಪ್ಪ ಹೆಚ್ಚುಕಮ್ಮಿ ಮಾಡಬಹುದು, ಅದು ದೊಡ್ಡ ಅನುಕೂಲ. ಯೂನಿಫ್ರಾಕ್ಟೂರ್ ಮಗುಂಟಿಯಾ ಅಪ್ಪಟ ಹಳೇ ಜರ್ಮನ್. ಚಂದ ಉಂಟು, ಆದರೆ ನಮ್ಮವರು ಓದುವುದಿಲ್ಲ. ಕಸೂತಿ, ಕ್ರಾಸ್ ಸ್ಟಿಚ್ ಮಾಡುವವರು ಜಕಾರ್ಡ್ 24 ನೋಡಿ, ಚೌಕುಳಿ ಚೌಕುಳಿಯಾಗಿಯೇ ಇದೆ.

ಇನ್‌ಸ್ಟಾಗ್ರಾಮ್ ಬಯೋದಲ್ಲಿ ಕಾಪಿ-ಪೇಸ್ಟ್ ಮಾಡುವ ಗೋಥಿಕ್ ಅಕ್ಷರ ಬೇರೆಯೇ. ಅದು ಫಾಂಟೇ ಅಲ್ಲ. ಗಣಿತದವರಿಗೆಂದು ಯೂನಿಕೋಡ್‌ನಲ್ಲಿ ಇಟ್ಟಿರುವ ಚಿಹ್ನೆಗಳು. ಅದರಲ್ಲಿ ಅಂಗಡಿ ಹೆಸರು ಬರೆದರೆ ಹುಡುಕಿದವರಿಗೆ ಸಿಗದೆ ಹೋಗಬಹುದು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಒಂದೊಂದೇ ಚಿಹ್ನೆಯಾಗಿ ಓದಬಹುದು, ಇಲ್ಲವೇ ಹಾರಿಸಿಬಿಡಬಹುದು. ಬೇಡ.

ಪದವನ್ನು ಒಂದೊಂದೇ ಅಕ್ಷರವಾಗಿ ನೋಡಿ

ಮುಕ್ಕಾಲು ಪಾಲು ಎಡವಟ್ಟು ಆಗುವುದು ಇಲ್ಲೇ. ಫಾಂಟ್ ಚೆನ್ನಾಗಿದೆ ಅಂತ ಹೆಸರು ಹೊಡೆದು ಪ್ರಿಂಟಿಗೆ ಕಳಿಸುತ್ತಾರೆ. ಆ ಹೆಸರಿನ ಅಕ್ಷರಗಳು ಆ ಫಾಂಟಿನಲ್ಲಿ ಹೇಗೆ ಕಾಣುತ್ತವೆ ಅಂತ ನೋಡುವುದಿಲ್ಲ. ನಮ್ಮದೇ ಊರುಗಳ ಇಂಗ್ಲಿಷ್ ಹೆಸರು ತೆಗೆದುಕೊಂಡು ನೋಡೋಣ.

ಉಪ್ಪಳ. ಫ್ರಾಕ್ಟೂರ್‌ನಲ್ಲಿ ದೊಡ್ಡ ಯು ಮತ್ತು ದೊಡ್ಡ ಎ ಹೆಚ್ಚುಕಡಿಮೆ ಅವಳಿ. ಮೇಲ್ಭಾಗ ಮುಚ್ಚಿದೆಯೋ ತೆರೆದಿದೆಯೋ ಅನ್ನುವುದಷ್ಟೇ ವ್ಯತ್ಯಾಸ. ದೂರದಿಂದ ಉಪ್ಪಳ ಹೋಗಿ ಅಪ್ಪಳ ಆಗುತ್ತದೆ. ಹಲಸಿನ ಹಪ್ಪಳದ ಪ್ಯಾಕೆಟ್ಟಿಗಾದರೆ ಪರವಾಗಿಲ್ಲ, ಕ್ಲಬ್ಬಿನ ಜೆರ್ಸಿಗೆ ಆಗುವುದಿಲ್ಲ ಅಲ್ವಾ?

ಬೇಕಲ. ಇದರಲ್ಲಿ ಸಣ್ಣ ಕೆ ಇದೆ. ಹಳೇ ಗೋಥಿಕ್‌ನಲ್ಲಿ ಕೆ ಅಕ್ಷರದ ಬಲಗಾಲು ಹೊರಗೆ ಚಾಚುವುದಿಲ್ಲ, ಮೇಲೊಂದು ಸಣ್ಣ ಕುಣಿಕೆ, ಕೆಳಗೊಂದು ಮೊಟಕು ಬಾಲ, ಅಷ್ಟೇ. ರೂಢಿಯಿಲ್ಲದ ಕಣ್ಣಿಗೆ ಅದು ಟಿ. ಓದಿದವನು "ಬೇತಾಳ್ ಎಫ್.ಸಿ.ಯಾ?" ಅಂತ ಕೇಳುತ್ತಾನೆ. ಟೀಮಿನ ಹುಡುಗರಿಗೆ ಅದೇ ಇಷ್ಟ ಆದರೆ ನನ್ನ ತಕರಾರಿಲ್ಲ.

ಕುಂಬಳೆ. ದೊಡ್ಡ ಕೆ ಆದ ಮೇಲೆ ಯು, ಎಂ ಬರುತ್ತವೆ. ಟೆಕ್ಸ್ಚುರಾದಲ್ಲಿ ಯು ಅಂದರೆ ಎರಡು ಗೂಟ, ಎಂ ಅಂದರೆ ಮೂರು ಗೂಟ. ಸಾಲಾಗಿ ಐದು ಗೂಟ ನಿಂತಿರುತ್ತದೆ, ಎಲ್ಲಿ ಒಂದು ಮುಗಿಯಿತು ಎಲ್ಲಿ ಇನ್ನೊಂದು ಶುರು ಎಂದು ತಿಳಿಯುವುದಿಲ್ಲ. ಮಂಜೇಶ್ವರಕ್ಕೂ ಇದೇ ಕಥೆ: ಎಂ, ಎನ್, ಜೆ. ಇಂಥ ಹೆಸರಿಗೆ ಅಪ್ಪಟ ಟೆಕ್ಸ್ಚುರಾ ಬೇಡ. ಗೂಟಗಳು ಮೇಲೆ ಸೇರುತ್ತವೋ ಕೆಳಗೆ ಸೇರುತ್ತವೋ ಎಂದು ಸ್ಪಷ್ಟವಾಗಿ ತೋರಿಸುವ ಪೈರೇಟಾ ಒನ್ ಥರದ್ದು ಹಾಕಿ.

ಕೆಲವು ಫಾಂಟುಗಳಲ್ಲಿ ಹಳೆಯ ಉದ್ದ ಎಸ್ ಕೂಡ ಇರುತ್ತದೆ. ಅದು ಎಫ್ ಥರವೇ ಕಾಣುತ್ತದೆ. ಬಂದಿದ್ದರೆ ತೆಗೆದು ಸಾದಾ ಎಸ್ ಹಾಕಿ. ಇತಿಹಾಸಕ್ಕೆ ನಿಷ್ಠೆ ತೋರಿಸುವ ಜಾಗ ಜೆರ್ಸಿ ಅಲ್ಲ.

ಮತ್ತೆ ಎರಡು ನಿಯಮ. ಇವಕ್ಕೆ ರಿಯಾಯಿತಿಯೇ ಇಲ್ಲ. ಒಂದು, ಇಡೀ ಪದವನ್ನು ದೊಡ್ಡ ಅಕ್ಷರದಲ್ಲಿ ಹೊಡೆಯಬೇಡಿ. ಗೋಥಿಕ್‌ನ ದೊಡ್ಡ ಅಕ್ಷರಗಳನ್ನು ಮಾಡಿರುವುದೇ ಪದದ ಮೊದಲಲ್ಲಿ ಒಂಟಿಯಾಗಿ ನಿಲ್ಲಲು. ಸಾಲಾಗಿ ನಿಲ್ಲಿಸಿದರೆ ಬಳುಕುಗಳೆಲ್ಲ ಒಂದಕ್ಕೊಂದು ತೊಡರಿ ಗೋಜಲಾಗುತ್ತದೆ. ಎರಡು, ಅಕ್ಷರಗಳ ನಡುವೆ ಜಾಗ ಬಿಡಿಸಬೇಡಿ. ಅಕ್ಷರದ ಒಳಗಿನ ಬಿಳಿ ಎಷ್ಟಿದೆಯೋ ಎರಡು ಅಕ್ಷರದ ನಡುವಿನ ಬಿಳಿಯೂ ಸುಮಾರು ಅಷ್ಟೇ ಇರಬೇಕು. ಅಗಲ ಸಾಲದಿದ್ದರೆ ಅಕ್ಷರ ದೊಡ್ಡದು ಮಾಡಿ, ಎಳೆಯಬೇಡಿ.

ಕನ್ನಡದ ಸಾಲು

ನಮ್ಮಲ್ಲಿ ಪೋಸ್ಟರ್ ಅಂದರೆ ಮೂರು ಲಿಪಿ. ಕನ್ನಡ, ಮಲಯಾಳ, ಇಂಗ್ಲಿಷ್. ಇಂಗ್ಲಿಷ್ ಹೆಸರು ಗೋಥಿಕ್‌ನಲ್ಲಿ ಮಿಂಚಿ, ಕನ್ನಡ ಮೂಲೆಯಲ್ಲಿ ಕಂಪ್ಯೂಟರಿನ ಹಳೇ ಫಾಂಟಿನಲ್ಲಿ ಕೂತರೆ ನೋಡಲು ಬೇಸರ. ಹಾಗಂತ ಸಾದಾ ಕನ್ನಡ ಫಾಂಟಿಗೆ ಕೋರಲ್ ಡ್ರಾ ಸಾಫ್ಟ್‌ವೇರಿನಲ್ಲಿ ಮುಳ್ಳು ಅಂಟಿಸಿದರೆ ಗೋಥಿಕ್ ಆಗುವುದಿಲ್ಲ. ಹಾರರ್ ಸಿನಿಮಾದ ಪೋಸ್ಟರ್ ಆಗುತ್ತದೆ.

ಗೋಥಿಕ್‌ನ ರೂಪ ಬಂದಿರುವುದು ಪೆನ್ನಿನಿಂದ. ಚಪ್ಪಟೆ ತುದಿಯ ನಿಬ್ಬನ್ನು 40ರಿಂದ 45 ಡಿಗ್ರಿ ಓರೆಯಾಗಿ ಹಿಡಿದು, ಕೈ ತಿರುಗಿಸದೆ ಬರೆದರೆ ಎಡ ಮೇಲಿನಿಂದ ಬಲ ಕೆಳಗೆ ಇಳಿಯುವ ಗೆರೆ ದಪ್ಪ ಬರುತ್ತದೆ, ಎಡ ಕೆಳಗಿನಿಂದ ಬಲ ಮೇಲೆ ಏರುವ ಗೆರೆ ತೆಳ್ಳಗೆ. ಚೂಪು ಮೂಲೆ, ವಜ್ರದಾಕಾರದ ಚುಕ್ಕೆ, ಎಲ್ಲ ತಾನಾಗಿ ಬರುತ್ತದೆ. ಅದೇ ಪೆನ್ನಿನಲ್ಲಿ ಕನ್ನಡ ಬರೆದರೆ ಕನ್ನಡಕ್ಕೂ ಅದೇ ಗುಣ ಬರುತ್ತದೆ.

ಸಾಮಾನು ಹೆಚ್ಚು ಬೇಡ. 6 ಮಿ.ಮೀ. ನಿಬ್ಬಿನ ಪೈಲಟ್ ಪ್ಯಾರಲಲ್ ಪೆನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎರಡು ಪೆನ್ಸಿಲ್ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ. ಎರಡು ಗೆರೆ ಒಟ್ಟಿಗೆ ಬರುತ್ತದೆ, ನಡುವೆ ತುಂಬಿಸಿದರೆ ಆಯಿತು. ಬಿದಿರಿನ ಕಡ್ಡಿಯ ತುದಿ ಚಪ್ಪಟೆ ಕೊರೆದು ಇಂಕಿನಲ್ಲಿ ಅದ್ದಿದರೂ ನಡೆಯುತ್ತದೆ.

ಗೆರೆ ಹಾಕಿಕೊಳ್ಳಿ. ಅಕ್ಷರದ ಮೈಗೆ ನಿಬ್ಬಿನ ಅಗಲದ ಐದು ಪಟ್ಟು ಎತ್ತರ. 6 ಮಿ.ಮೀ. ನಿಬ್ಬಾದರೆ 30 ಮಿ.ಮೀ. ಅದರ ಕೆಳಗೆ ಒತ್ತಕ್ಷರಕ್ಕೆ ಇನ್ನೊಂದು ಮೂರು ಪಟ್ಟು ಜಾಗ ಬಿಡಿ. ಇಂಗ್ಲಿಷಿಗೆ ಈ ಕೆಳಗಿನ ಜಾಗದ ಚಿಂತೆ ಅಷ್ಟಿಲ್ಲ, ನಮಗೆ ಮಂಜೇಶ್ವರ ಬರೆಯಲು ವ-ಒತ್ತು ಬೇಕಲ್ಲ.

ಈಗ 'ಕುಂಬಳೆ' ಬರೆಯೋಣ. ಕ-ದ ತಲೆಕಟ್ಟನ್ನು ಎರಡೇ ಏಟಿನಲ್ಲಿ ಮುಗಿಸಿ: ಒಂದು ಸಣ್ಣ ದಪ್ಪ ಓರೆ, ಒಂದು ತೆಳು ಏರುಗೆರೆ. ಪದದ ಎಲ್ಲ ತಲೆಕಟ್ಟುಗಳೂ ಒಂದೇ ಅಳತೆ, ಒಂದೇ ಓರೆ ಇರಲಿ. ಗೋಥಿಕ್‌ನ ಲಯ ಕನ್ನಡದಲ್ಲಿ ಹುಟ್ಟುವುದು ಈ ತಲೆಕಟ್ಟುಗಳಿಂದಲೇ. ಕೆಳಗಿನ ಉರುಟನ್ನು ಒಂದೇ ಸುತ್ತಿನಲ್ಲಿ ಎಳೆಯಬೇಡಿ. ನಾಲ್ಕು ತುಂಡು ಮಾಡಿ, ಪ್ರತಿ ತುಂಡಿಗೂ ಪೆನ್ನು ಎತ್ತಿ ಇಡಿ. ಸೊನ್ನೆ ವಜ್ರದಾಕಾರ ಆಗುತ್ತದೆ. ನಡುವಿನ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳಿ, ಮುಚ್ಚಿದರೆ ಪೂರ್ಣವಿರಾಮ.

ಬ ಬಂದಾಗ ಜಾಗ್ರತೆ. ಉರುಟನ್ನು ಮುರಿಯುವಾಗ ತಳದ ನಟ್ಟನಡುವೆ ಚೂಪು ಬಂತು ಅಂದರೆ ಅದು ಮಹಾಪ್ರಾಣದ ಸೀಳಿನ ಹಾಗೆ ಕಾಣುತ್ತದೆ. ಬ ಹೋಗಿ ಭ, ದ ಹೋಗಿ ಧ, ಪ ಹೋಗಿ ಫ. ಇಂಗ್ಲಿಷ್ ಗೋಥಿಕ್‌ನಲ್ಲಿ ತಳದ ಚೂಪು ಅಲಂಕಾರ, ಕನ್ನಡದಲ್ಲಿ ಅದು ಬೇರೆ ಅಕ್ಷರ. ಆದ್ದರಿಂದ ಮುರಿಯುವುದಾದರೆ ಎಡ ಮತ್ತು ಬಲದ ಭುಜದಲ್ಲಿ ಮುರಿಯಿರಿ. ತಳವನ್ನು ರೊಟುಂಡಾದ ಹಾಗೆ ಸ್ವಲ್ಪ ಉರುಟಾಗಿಯೇ ಬಿಡಿ. ವ ಮತ್ತು ಮ, ರ ಮತ್ತು ಠ ಕೂಡ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಠ-ದ ಒಳಗಿನ ಚುಕ್ಕೆ ದಪ್ಪ ನಿಬ್ಬಿಗೆ ಸುಲಭವಾಗಿ ತುಂಬಿಹೋಗುತ್ತದೆ.

ಹತ್ತು-ಹದಿನೈದು ಸಲ ಬರೆದ ಮೇಲೆ ಒಂದು ಚೆನ್ನಾಗಿ ಬರುತ್ತದೆ. ಅದನ್ನು ಸ್ಕ್ಯಾನ್ ಮಾಡಿ, ಇಲ್ಲವೇ ಹಗಲು ಬೆಳಕಿನಲ್ಲಿ ನೆರಳು ಬೀಳದಂತೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಇಂಕ್‌ಸ್ಕೇಪ್ ಅಂತ ಉಚಿತ ಡ್ರಾಯಿಂಗ್ ಸಾಫ್ಟ್‌ವೇರ್ ಉಂಟು. ಅದರಲ್ಲಿ 'ಟ್ರೇಸ್ ಬಿಟ್‌ಮ್ಯಾಪ್' ಕೊಟ್ಟರೆ ಗೆರೆಯಾಗಿ ಬದಲಾಗುತ್ತದೆ. ಅಂಚು ಸ್ವಲ್ಪ ಒರಟಾಗಿದ್ದರೆ ಹಾಗೇ ಬಿಡಿ. ತಿದ್ದಿ ತಿದ್ದಿ ನುಣುಪು ಮಾಡಿದರೆ ಕೈಬರಹದ ಜೀವ ಹೋಗುತ್ತದೆ.

ಇಷ್ಟಕ್ಕೆ ಪುರುಸೊತ್ತಿಲ್ಲ ಅನ್ನುವವರಿಗೆ ಅನೆಕ್ ಕನ್ನಡ ಫಾಂಟ್ ಇದೆ. ಅದರ ದಪ್ಪ, ಇಕ್ಕಟ್ಟಾದ ರೂಪ ಆರಿಸಿದರೆ ಗೋಥಿಕ್ ಪಕ್ಕದಲ್ಲಿ ತೂಕ ಸರಿಯಾಗುತ್ತದೆ. ಮಲಯಾಳದ ಸಾಲಿಗೆ ಅದೇ ಕುಟುಂಬದ ಅನೆಕ್ ಮಲಯಾಳಂ ಹಾಕಿ. ಮಂಜರಿ ಫಾಂಟ್ ಚೆಂದವೇ, ಆದರೆ ಅದರ ಗೆರೆಯ ತುದಿಗಳು ಉರುಟು, ಗೋಥಿಕ್ ಪಕ್ಕದಲ್ಲಿ ತೀರಾ ಮೆತ್ತಗೆ ಕಾಣುತ್ತದೆ. ದಿನಾಂಕ, ಸ್ಥಳ, ಫೋನ್ ನಂಬರ್ ಎಲ್ಲ ಇದೇ ಅನೆಕ್‌ನಲ್ಲಿರಲಿ.

ಎಲ್ಲಿಗೆ ಬೇಡ

ಯಕ್ಷಗಾನದ ಪೋಸ್ಟರಿಗೆ ಬೇಡ. ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಊರಿನವರು ನಾವು. ಕಿರೀಟ, ಭುಜಕೀರ್ತಿಯ ಫೋಟೋವೇ ಸಾಕಷ್ಟು ಅಬ್ಬರ ಇರುತ್ತದೆ, ಮೇಲೆ ಜರ್ಮನ್ ಅಬ್ಬರ ಯಾಕೆ? ಭೂತಕೋಲ, ತೆಯ್ಯಂ ಆಮಂತ್ರಣಕ್ಕೂ ಬೇಡ. "ಭಯಂಕರ ಕಾಣಬೇಕು" ಅಂತ ಚೂಪು ಅಕ್ಷರ ಹಾಕುವವರಿದ್ದಾರೆ. ನಂಬಿ ನಡೆದುಕೊಳ್ಳುವವರಿಗೆ ದೈವ ಹೆದರಿಸುವ ವಸ್ತು ಅಲ್ಲ. ಕ್ಲಿನಿಕ್ಕಿನ ಬೋರ್ಡು, ಬಸ್ಸಿನ ಬೋರ್ಡು, ಹೋಟೆಲಿನ ರೇಟಿನ ಪಟ್ಟಿ, ಇವಕ್ಕೆಲ್ಲ ಬೇಡ ಅಂತ ಹೇಳಲೇಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮ. ಗೋಥಿಕ್ ಅಂದರೆ ನಾಜಿಗಳ ಅಕ್ಷರ ಎಂದು ಹೊರಗಿನವರಲ್ಲಿ ಬಹಳ ಜನ ತಿಳಿದಿದ್ದಾರೆ. ನಿಜ ಏನೆಂದರೆ ಶುರುವಿನಲ್ಲಿ ಅವರು ಇದನ್ನು ಮೆರೆಸಿದರು. 1941ರ ಜನವರಿ 3ರಂದು ಹಿಟ್ಲರನ ಸರ್ಕಾರವೇ ಇದನ್ನು ಯಹೂದಿಗಳ ಅಕ್ಷರ ಎಂಬ ಸುಳ್ಳು ಕಾರಣ ಕೊಟ್ಟು ಕೈಬಿಟ್ಟಿತು. ಆದರೂ ಹೆಸರು ಅಂಟಿಕೊಂಡಿದೆ. ನಮ್ಮಲ್ಲಿ ಗೃಹಪ್ರವೇಶದ ಕಾರ್ಡಿನಿಂದ ಅಂಗಡಿ ಬಾಗಿಲಿನವರೆಗೆ ಸ್ವಸ್ತಿಕ ಇದ್ದೇ ಇರುತ್ತದೆ. ಸ್ವಸ್ತಿಕ ಇರುವಲ್ಲಿ ಗೋಥಿಕ್ ಹಾಕಬೇಡಿ. ಅದರಲ್ಲೂ ಕೆಂಪು-ಬಿಳಿ-ಕಪ್ಪು ಬಣ್ಣ ಸೇರಿದರೆ, ದುಬೈಯಲ್ಲೋ ಲಂಡನ್ನಿನಲ್ಲೋ ಇರುವ ನಿಮ್ಮ ನೆಂಟರು ಆ ಫೋಟೋ ಸ್ಟೇಟಸ್ಸಿಗೆ ಹಾಕಿ ಪಾಪ ಪೇಚಿಗೆ ಸಿಗುತ್ತಾರೆ.

ಅಳತೆ, ಬಣ್ಣ, ಪ್ರಿಂಟ್

ಬೋರ್ಡ್ ಬರೆಯುವವರಲ್ಲಿ ಒಂದು ರೂಢಿಯ ಲೆಕ್ಕ ಉಂಟು: 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. ಅದು ಸಾದಾ ಅಕ್ಷರಕ್ಕೆ. ಗೋಥಿಕ್ ಆದರೆ ಎರಡು ಪಟ್ಟು ಇಟ್ಟುಕೊಳ್ಳಿ. ರಸ್ತೆಯಾಚೆ 30 ಅಡಿಯಿಂದ ಓದಬೇಕಿದ್ದರೆ 6 ಇಂಚು.

ಜೆರ್ಸಿಯಲ್ಲಿ ಎದೆಯ ಮೇಲಿನ ಹೆಸರು ಮಾತ್ರ ಗೋಥಿಕ್. ಬೆನ್ನಿನ ನಂಬರ್ ಸಾದಾ ದಪ್ಪ ಅಂಕಿ. ರೆಫ್ರಿ, ಕಾಮೆಂಟ್ರಿ ಹೇಳುವವರು ಓಡುವ ಆಟಗಾರನ ನಂಬರ್ ಓದಬೇಕು, ಅಲಂಕಾರದ 3 ಮತ್ತು 8ರಲ್ಲಿ ಎಡವುತ್ತಾರೆ. ಹೆಸರನ್ನು ಕಮಾನಿನ ಹಾಗೆ ಬಗ್ಗಿಸುವ ಆಸೆ ಎಲ್ಲರಿಗೂ ಇರುತ್ತದೆ. ಗೋಥಿಕ್‌ನ ಗೂಟಗಳು ಬಗ್ಗಿದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿ ಅಸಹ್ಯ ಆಗುತ್ತದೆ. ನೇರವಾಗಿಯೇ ಇಡಿ.

ಬಣ್ಣ ಎರಡೇ. ಬೆಳ್ಳಿ ಗ್ರೇಡಿಯಂಟ್, ಉಬ್ಬು, ನೆರಳು, ಹೊರಗೆರೆ, ಇದೆಲ್ಲ ಈಗಾಗಲೇ ಗದ್ದಲ ಇರುವ ಅಕ್ಷರದ ಮೇಲೆ ಇನ್ನಷ್ಟು ಗದ್ದಲ. ಕಪ್ಪು ಬಟ್ಟೆಯ ಮೇಲೆ ಬಿಳಿ ಅಕ್ಷರ ಇರುವುದಕ್ಕಿಂತ ದಪ್ಪ ಕಾಣುತ್ತದೆ, ಹಾಗಾಗಿ ಗ್ರೆಂಜ್ ಗೋಟಿಶ್‌ನಲ್ಲಿ ಒಂದು ಮೆಟ್ಟಿಲು ತೆಳು ಆರಿಸಿ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಶಾಯಿ ಸ್ವಲ್ಪ ಹರಡುತ್ತದೆ. ಇಂಗ್ಲಿಷಿನ ಇ, ಎ ಅಕ್ಷರಗಳ ಒಳಗಿನ ಕಿಂಡಿ ಮುಚ್ಚುವುದು ಅಲ್ಲೇ. ಕಿಂಡಿಗಳನ್ನು ಮೊದಲೇ ಸ್ವಲ್ಪ ಅಗಲ ಮಾಡಿಕೊಳ್ಳಿ. ಎಂಬ್ರಾಯ್ಡರಿಗೆ ಕೊಡುವುದಾದರೆ 1 ಮಿ.ಮೀ.ಗಿಂತ ತೆಳು ಗೆರೆ ನಿಲ್ಲುವುದಿಲ್ಲ, ಕೂದಲೆಳೆಯ ಬಳುಕುಗಳನ್ನು ಅಳಿಸಿಯೇ ಕೊಡಿ.

ಪ್ರಿಂಟಿಗೆ ಮೊದಲು ಎ4 ಹಾಳೆಯಲ್ಲಿ ಕಪ್ಪು-ಬಿಳುಪಿನಲ್ಲಿ ತೆಗೆದು ಗೋಡೆಗೆ ಅಂಟಿಸಿ. ಟೀಮಿನ ಹೊರಗಿನವರನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ "ಇದು ಎಂತ ಬರ್ದದ್ದು?" ಅಂತ ಕೇಳಿ. "ಚೆನ್ನಾಗುಂಟಾ?" ಅಂತ ಕೇಳಬೇಡಿ, ಎಲ್ಲರೂ ಉಂಟು ಅಂತಾರೆ. ಹೆಸರು ಗೊತ್ತಿದ್ದವರ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ.

ಫೈಲ್ ಕೊಡುವಾಗ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಬರೀ ಆಕಾರವಾಗಿ ಬದಲಿಸಿ ಕೊಡಿ. ಕೋರಲ್‌ನಲ್ಲಿ ಕಂಟ್ರೋಲ್ ಕ್ಯೂ, ಇಂಕ್‌ಸ್ಕೇಪ್‌ನಲ್ಲಿ ಶಿಫ್ಟ್ ಕಂಟ್ರೋಲ್ ಸಿ. ಇಲ್ಲದಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಬೇರೆ ಏನೋ ಬಂದು ಕೂರುತ್ತದೆ. ಕರ್ವ್ ಮಾಡುವ ಮೊದಲು ಕನ್ನಡ, ಮಲಯಾಳ ಎರಡನ್ನೂ ಓದಿಸಿ ನೋಡಿ, ಆಮೇಲೆ ಟೈಪ್ ಮಾಡಿ ತಿದ್ದಲು ಆಗುವುದಿಲ್ಲ. ತಿದ್ದಬಹುದಾದ ಪ್ರತಿಯೊಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಫೋಟೋಶಾಪಿನ ಹಳೇ ಆವೃತ್ತಿ ಬಳಸುವವರು ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಆನ್ ಮಾಡಿ. ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ, ಅರ್ಕಾವೊತ್ತು ಎಲ್ಲಿಗೋ ಹಾರುತ್ತದೆ.

ಕೊನೆಗೆ, ಇಡೀ ಟೀಮಿನದ್ದು ಒಟ್ಟಿಗೆ ಪ್ರಿಂಟ್ ಮಾಡಿಸಬೇಡಿ. ಒಂದೇ ಜೆರ್ಸಿ ಮಾಡಿಸಿ, ಎರಡು ಸಲ ಒಗೆದು, ಹಾಕಿಕೊಂಡು ಮೈದಾನದ ಆಚೆ ತುದಿಯಲ್ಲಿ ಒಬ್ಬನನ್ನು ನಿಲ್ಲಿಸಿ ನೋಡಿ. ಹೆಸರು ಓದಲು ಬಂದರೆ ಉಳಿದದ್ದಕ್ಕೆ ಅಡ್ವಾನ್ಸ್ ಕೊಡಿ.